ಗಡಿಕಲ್ಲು ದಾಟಿದ ಮೇಲೆ ಹಚ್ಚಿದ ಕಂದೀಲು

ಸೀತನಿ ತಿನ್ನಾಕ ಹೋಗೂಣು ಏಳವ್ವ ಅಂತ
ಎಬ್ಬಿಸಿದರಂತೆ ನಡುರಾತ್ರಿ.
ಕೌದಿಯಲ್ಲಿ ಸುತ್ತಿ ಚಕ್ಕಡಿಗೆ ಹಾಕಿದಾಗ
ಆಯಿಯ ಮುಷ್ಟಿಯಲ್ಲಿ ಐದು ಗಜಗ,
ಬಾಯಲ್ಲಿ ಬೀಳದೆ ಉಳಿದ ಒಂದು ಹಾಲುಹಲ್ಲು.
ಎತ್ತಿನ ಗಂಟೆಯ ನಾಲಿಗೆಗೆ ಅರಿವೆ ಸುತ್ತಿದ್ದರು.
ಕೆಮ್ಮು ಬಂದರೆ ಅವಳಪ್ಪ
ಪಟಗದ ಚುಂಗು ಕಚ್ಚುತ್ತಿದ್ದ.

ಇತ್ತ ಇಂಗ್ರೇಜರ ಸೀಮೆ, ಅತ್ತ ಸಂಸ್ಥಾನ,
ನಡುವೆ ಮೊಣಕಾಲೆತ್ತರದ ಒಂದು ಕಲ್ಲು.
ಹೊಸದಾಗಿ ಬಂದಿತ್ತು ಶಾರದಾ ಕಾಯ್ದೆ:
ಹದಿನಾಲ್ಕು ತುಂಬದವಳಿಗೆ ತಾಳಿ ಕಟ್ಟಿಸಿದರೆ ದಂಡ, ಜೇಲು.
'ಆಚೀ ಕಡೆ ಇವರ ರೂಪಾಯಿ ನಡೀತೈತಿ,
ಕಾಯ್ದೆ ನಡ್ಯಾಂಗಿಲ್ಲ' ಅಂದಿದ್ದನಂತೆ
ಗಾಡಿ ಹೊಡೆಯುವ ತಮ್ಮಣ್ಣೆಪ್ಪ.

ಕಲ್ಲು ದಾಟಿತು ಗಾಲಿ.
ಅಪ್ಪ ಕಂದೀಲು ಹಚ್ಚಿದ.
ಗಂಟೆಯ ಅರಿವೆ ಬಿಚ್ಚಿದರು.
ಆಮೇಲೆ ಎಲ್ಲರೂ ಜೋರಾಗಿ ಮಾತಾಡಿದರು,
ಯಾರೋ ನಕ್ಕರೂ ಕೂಡ.
'ಅರ್ಧ ಮಾರು ನೆಲದಾಗ ನಾ ದೊಡ್ಡಾಕಿ ಆದೆ ನೋಡು'
ಅನ್ನುತ್ತಿದ್ದಳು ಆಯಿ, ಶೇಂಗಾ ಸುಲಿಯುತ್ತ.

ನಿನ್ನ ಒಪ್ಪಿಗಿ ಕೇಳಲಿಲ್ಲೇನು?
'ಕೇಳಾಕೇನೈತಿ. ಎಲ್ಲಾರೂ ಒಪ್ಪಿದ್ರು.
ಎತ್ತೂ ಒಪ್ಪಿದ್ವು.'
ಸ್ವಲ್ಪ ಹೊತ್ತು ಬಿಟ್ಟು:
'ಆ ಶಾರದಾ ಅಂಬಾಕಿ ಯಾರಿದ್ಲೋ,
ಆಕಿ ಅಪ್ಪಗ ಚಕ್ಕಡಿ ಇರಲಿಲ್ಲ ಕಾಣತೈತಿ.'

ಈಗ ನಾನು ನವನಗರದ ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ.
ಹೆಸರು ಹೊಡೆಯುವಂತಿಲ್ಲ;
ದಿನಕ್ಕೆ ನಲವತ್ತು ಸಲ ಹೊಡೆಯುತ್ತೇನೆ, ನೊಂದ ಬಾಲಕಿ, ನೊಂದ ಬಾಲಕಿ.
ಇವಳಿಗೆ ಶಾಲೆಯ ದಾಖಲೆಯಲ್ಲಿ ಹದಿನೇಳು ವರ್ಷ ಹತ್ತು ತಿಂಗಳು
(ಹುಟ್ಟಿದ್ದು ಎಲ್ಲರಂತೆ ಜೂನ್ ಒಂದು),
ಆಧಾರಿನಲ್ಲಿ ಬೇರೆ,
ಮಣಿಕಟ್ಟಿನ ಎಕ್ಸ್‌ರೇ
ಹದಿನಾರರಿಂದ ಹದಿನೆಂಟರ ನಡುವೆ ಎಂದು ನುಣುಚಿಕೊಂಡಿದೆ.

ಚಹಾದ ಹೊತ್ತಿನಲ್ಲಿ ವಕೀಲ ಹುಲ್ಯಾಳರು ಬೆರಳು ಮಡಚುತ್ತಾರೆ:
ಜರ್ಮನಿಯಲ್ಲಿ ಹದಿನಾಲ್ಕು, ಇಂಗ್ಲೆಂಡಿನಲ್ಲಿ ಹದಿನಾರು,
ಜಪಾನಿನಲ್ಲಿ ಮೊನ್ನೆ ಮೊನ್ನೆವರೆಗೆ ಹದಿಮೂರಂತ್ರಿ,
ಅಮೆರಿಕಾದಾಗ ರಾಜ್ಯಕ್ಕೊಂದು;
ಯಾಕ, ನಮ್ಮಲ್ಲೇ ಎರಡು ಸಾವಿರದ ಹನ್ನೆರಡರ ತನಕ
ಹದಿನಾರಿತ್ತಲ್ಲ ಮೇಡಮ್ಮಾರ?
ನನ್ನ ಚಹಾ ಕೆನೆಗಟ್ಟುತ್ತದೆ.

ಇಳಿಸಿರಿ ಅನ್ನಲು ನನ್ನ ನಾಲಿಗೆ ಏಳದು.
ಕೌದಿಯೊಳಗಿನ ಮುಷ್ಟಿ ಕಾಣುತ್ತದೆ.
ಆದರೆ ಹೊರಗಿನ ಬಾಕಿನ ಮೇಲೆ ಆ ಹುಡುಗನ ತಾಯಿ
ಬುತ್ತಿಗಂಟು ಬಿಚ್ಚದೆ ಕೂತಿದ್ದಾಳೆ,
ಹೋದವರಿಗೆಲ್ಲ ಎರಡು ಬೆರಳು ತೋರಿಸುತ್ತ:
ಎರಡ ತಿಂಗಳ ರೀ, ಎರಡ ತಿಂಗಳ.
ಅವಳಿಗೂ ನಾನು ಏನೂ ಹೇಳಲಾರೆ.

'ನಿನ್ನ ವಯಸ್ಸೆಷ್ಟಮ್ಮಾ?'
ಹುಡುಗಿ ಉಗುರು ನೋಡಿಕೊಂಡು ಕೇಳಿದಳು:
'ಯಾವ ಕಾಗದದ್ದು ಹೇಳ್ಲಿರಿ?'
ಇದನ್ನು ಹೊಡೆಯಬೇಕೋ ಬೇಡವೋ,
ಸಾಹೇಬರ ಮುಖ ನೋಡಿದೆ. ಅವರು ಫ್ಯಾನು ನೋಡುತ್ತಿದ್ದರು.

ಹೋದ ತಿಂಗಳು ಜಮಖಂಡಿಯ ದಾರಿಯಲ್ಲಿ
ಸ್ಕೂಟಿ ನಿಲ್ಲಿಸಿ ಕಲ್ಲು ಹುಡುಕಿದೆ. ಇದೆ.
ಅಕ್ಷರ ಹೋಗಿವೆ. ಕಬ್ಬು ಕಡಿಯುವವರು
ಕುಡುಗೋಲು ಮಸೆದು ಮಸೆದು
ಒಂದು ಹೆಗಲು ಸವೆದಿದೆ.
ಗಾಲಿ ಅದಕ್ಕೆ ತಾಗಿದಾಗ ಆಯಿಯ ಒಂದು ಗಜಗ
ಇಲ್ಲೇ ಬಿದ್ದಿತ್ತಂತೆ. ನಿಲ್ಲಿಸಿರಿ ಅಂದರೆ
ಯಾರೂ ನಿಲ್ಲಿಸಲಿಲ್ಲ.
ಉಳಿದ ನಾಲ್ಕರಲ್ಲೇ ಆಡುತ್ತಿದ್ದಳು ನಮ್ಮ ಜೊತೆ,
ಐದನೆಯದನ್ನು ಗಾಳಿಯಲ್ಲಿ ಹಿಡಿದಂತೆ ಮಾಡಿ.

ಬಳ್ಳಿ ಎದ್ದಿರಬಹುದೇ ಎಂದು
ಬಗ್ಗಿ ನೋಡಿದೆ.
ಬರೀ ಜಾಲಿ.