ಎಫ್ ಮೂರು

ಗೋಡೆಯೊಳಗೆ ಕೂತ ಒಲೆ. ಬೂದಿಯಿಲ್ಲ,
ಊದುಗೊಳವೆ ಇಡಲು ಬಾಯಿಯಿಲ್ಲ.
ಕಪ್ಪು ಗಾಜಿನ ಹಣೆಯ ಮೇಲೆ ಹಸಿರಾಗಿ ಎಫ್,
ಪಕ್ಕದಲ್ಲಿ ಮೂರು,
ಮತ್ತೆ ಬಿಡದೆ ಪೀಂ ಪೀಂ.

'ಇಪ್ಪತ್ತು ನಿಮಿಷ ಸರಿ ಇರ್ತೈತೆ, ಆಮೇಲೆ ಹಿಂಗೆ'
ಅಂದರು ಕಾತ್ಯಾಯಿನಮ್ಮ, ಎಂಸಿಸಿ ಬಿ ಬ್ಲಾಕ್,
ಸಂಜೆಯೊಳಗೆ ಮೂರು ಕೇಕು ಕೊಡಬೇಕಾದವರು.
ಕಂಪನಿಯವನು ಬಂದು, ಬಾಗಿಲೂ ತೆರೆಯದೆ
ಬೋರ್ಡು ಹೋಗಿದೆ ಅಂದನಂತೆ.
ಹತ್ತೊಂಬತ್ತು ಸಾವಿರ. ಆರು ವಾರ.
ಹಡಗಿನಲ್ಲಿ ಬರಬೇಕು.

ಒಲೆಯ ಎಂಸಿಬಿ ಇಳಿಸಿದೆ,
ಯಾರೂ ಎತ್ತದಿರಲೆಂದು ಟೇಪು ಸುತ್ತಿದೆ.
ಪುಸ್ತಕದ ಪಾಠವಲ್ಲ, ನನ್ನ ಎಡಗೈಗೆ ಒಮ್ಮೆ ಸಿಕ್ಕಿದ್ದು.
ನಾಲ್ಕು ಸ್ಕ್ರೂ ಬಿಚ್ಚಿ, ವಾಚ್‌ಮನ್ ಒಂದು ಕಡೆ ನಾನೊಂದು ಕಡೆ,
ಹೆಣ್ಣಿನ ಕಡೆಯವರು ಬೀರು ಇಳಿಸುವಂತೆ
ಮೆಲ್ಲಗೆ ಹೊರಗೆಳೆದೆವು.

ಸೆನ್ಸರ್ ಅಂದರೆ ಬೆರಳುದ್ದದ ಕಡ್ಡಿ,
ಒಲೆಯ ಬೆನ್ನಿಗೆ ಚುಚ್ಚಿಕೊಂಡು ಬಿಸಿಯ ಲೆಕ್ಕ ಒಪ್ಪಿಸುವುದು.
ಮೀಟರ್ ಇಟ್ಟೆ: ಸಾವಿರದ ನೂರ ನಲವತ್ತಾರು ಓಮ್.
ಅಂದರೆ ಮೂವತ್ತೆಂಟು ಡಿಗ್ರಿ.
ಏಪ್ರಿಲ್, ಮಧ್ಯಾಹ್ನ ಮೂರು, ದಾವಣಗೆರೆ:
ಕಡ್ಡಿ ಸುಳ್ಳು ಹೇಳುತ್ತಿಲ್ಲ.
ಹಾಗಾದರೆ ಹೇಳಿದ್ದನ್ನು
ಕೇಳಿಸಿಕೊಳ್ಳದವರು ಯಾರು?

ಬಾಷಾ ನಗರದ ಮಂಡಕ್ಕಿ ಭಟ್ಟಿಯಲ್ಲಿ
ಅಮ್ಮಿಗೆ ಮೀಟರ್ ಇರಲಿಲ್ಲ.
ಬಾಣಲೆಯ ಮರಳಿಗೆ ಒಂದೇ ಒಂದು ಅಕ್ಕಿಕಾಳು ಎಸೆಯುವಳು.
ಸುಮ್ಮನೆ ಮಲಗಿದರೆ ಹೊಟ್ಟು ಇನ್ನೊಂದು ಬುಟ್ಟಿ,
ಕಪ್ಪಾದರೆ ನನಗೊಂದು ಬೈಗುಳ,
ಅರಳಿದರೆ ಸೆರಗಿನಲ್ಲಿ ಮೂಗೊರೆಸಿ
ಇಡೀ ಮೊರ ಸುರಿಯುವಳು.
ಈಗ ಅವಳ ಬಲಗೈ ಬೆರಳ ತುದಿಗಳಿಗೆ
ಚಹಾ ಬಿಸಿಯೋ ಆರಿದೆಯೋ ತಿಳಿಯುವುದಿಲ್ಲ.
ಲೋಟ ಎಡಗೈಯಲ್ಲಿ.

ಗುಂಡಿಗಳ ರಿಬ್ಬನ್ ಬಿಚ್ಚಿ
ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲುಜ್ಜಿದೆ.
ಬ್ಯಾಟರಿ ತಾಗಿಸಿದರೆ ರಿಲೇ ಎರಡೂ ಟಕ್ ಅಂದವು.
ಬೋರ್ಡಿನ ಮೂಲೆಯಲ್ಲಿ ಒಣಗಿದ ಜಿರಳೆ;
ಅದೇ ಕಳ್ಳ ಎಂದು ಕಾತ್ಯಾಯಿನಮ್ಮ ತೀರ್ಪು ಕೊಟ್ಟಾಯಿತು.
ಅಲ್ಲ. ಅದು ಬರೀ ಸಾಕ್ಷಿ.

'ಹೇರ್ ಡ್ರೈಯರ್ ಐತಾ ಮೇಡಂ?'
ನನ್ನ ತಲೆ ನೋಡಿದರು. ಅಲ್ಲಿ ಕೂದಲಿಲ್ಲ.
ಮಗಳದು ತಂದುಕೊಟ್ಟರು, ಗುಲಾಬಿ ಬಣ್ಣದ್ದು.
ಬೋರ್ಡಿನ ಮೇಲೆ ಬಿಸಿಗಾಳಿ, ಮೀಟರಿನ ಮೇಲೆ ಕಣ್ಣು.
ಒಂದು ನಿಮಿಷ. ಎರಡು.
ಮೂರನೆಯದಕ್ಕೆ ಅಂಕಿ ನಡುಗಿತು,
ಜಿಗಿಯಿತು,
ಇಲ್ಲವಾಯಿತು.
ತಣಿಯಲು ಬಿಟ್ಟೆ, ಏನೂ ಆಗಿಲ್ಲವೆಂಬಂತೆ ಮರಳಿತು.

ಭೂತಗನ್ನಡಿ ಹಿಡಿದರೆ ಪಿನ್ನಿನ ಸುತ್ತ
ಕೂದಲೆಳೆಯಷ್ಟು ತೆಳ್ಳಗೆ ಒಂದು ಉಂಗುರ:
ಬೆಸುಗೆ ಬಿರಿದಿದೆ.
ಹತ್ತೊಂಬತ್ತು ಸಾವಿರದ ಬಿರುಕು.
ಎರಡು ಹನಿ ಸೀಸ ಕುಡಿಸಿದೆ.
ಹೊಗೆ ಮೂಗಿಗೆ ಬಂದಾಗ ಭಟ್ಟಿ ನೆನಪಾಯಿತೆಂದರೆ ಸುಳ್ಳಾದೀತು.
ಅದು ಬೇರೆ ಹೊಗೆ.

ಗೋಡೆಗೆ ಕೂರಿಸಿ ಕರೆಂಟು ಕೊಟ್ಟರೆ
ಬೆಳಕು ಬಂತು, ಬಿಸಿ ಬರಲಿಲ್ಲ.
ಬಿಸಿಯಾದದ್ದು ನನ್ನ ಕಿವಿ.
ಕಾಲು ಗಂಟೆ ತಂತಿ ತಂತಿ ತಡಕಿದ ಮೇಲೆ ಕಂಡಿತು
ಹನ್ನೆರಡು ಸೊನ್ನೆ ಸೊನ್ನೆ, ಕಣ್ಣು ಮಿಟುಕಿಸುತ್ತ.
ಗಂಟೆ ಎಷ್ಟೆಂದು ಹೇಳದೆ ಈ ಮಹಾರಾಯ ಕಾಯುವುದಿಲ್ಲ!
ನಾಲ್ಕು ಐವತ್ತು, ಅಂದೆ.
ಒಲೆ ಕಾಯತೊಡಗಿತು. ನಾವೂ ಕಾದೆವು,
ಬಸ್ ನಿಲ್ದಾಣದ ಬೆಂಚಿನವರಂತೆ, ಮಾತಿಲ್ಲದೆ,
ಇಪ್ಪತ್ತೈದು ನಿಮಿಷ.
ಎಫ್ ಬರಲಿಲ್ಲ. ಮೂರೂ ಬರಲಿಲ್ಲ.

ಐನೂರು ಕೇಳಿದ್ದೆ, ಆರುನೂರು ಕೊಟ್ಟರು.
ಕೇಕು ಉಬ್ಬುವುದನ್ನು ನೋಡಲು ನಿಲ್ಲಲಿಲ್ಲ.

ರಾತ್ರಿ ಅಮ್ಮಿ ಕೇಳಿದಳು, ಏನಾಗಿತ್ತು ಅದಕ್ಕೆ.
'ತಣ್ಣಗಿದ್ರೆ ಹಿಡ್ಕಂಡಿರ್ತಿತ್ತು,
ಬಿಸಿಯಾದ್ರೆ ಕೈಬಿಡ್ತಿತ್ತು.'
ಲೋಟ ಕೆಳಗಿಟ್ಟು ಉರ್ದುವಿನಲ್ಲಿ ಏನೋ ಅಂದಳು.
ಕನ್ನಡದಲ್ಲಿ ಹೇಳಬೇಕೆಂದರೆ:
ನಿಮ್ಮಪ್ಪನ ಹಂಗೆ.