ತಡವಾಗಿ ನಕ್ಕವನು

ನಾಲ್ಕು ಗೋಡೆಗಳ ನಡುವಿನ ಮಾತು ಅನ್ನುತ್ತಾರಲ್ಲ,
ಇಲ್ಲಿರುವುದು ಮೂರೇ.
ನಾಲ್ಕನೆಯದರ ಜಾಗದಲ್ಲಿ ಒಂದು ಕೆಂಪು ಹಗ್ಗ,
ಹಗ್ಗದ ಪಕ್ಕ ನಾನು,
ಎದೆಯ ಮೇಲೆ ಹೆಸರಿನ ಬಿಲ್ಲೆ: ರೂರಿ.
ಗ್ಲಾಸ್ಗೋ. ಕ್ಲೈಡ್ ನದಿಯ ದಂಡೆ.
ಹಡಗು ಕಟ್ಟುವುದು ನಿಂತುಹೋದ ಶೆಡ್ಡು;
ಹೊರಗಿನ ಗಾಳಿ ತಗಡು ತಟ್ಟಿ ತಟ್ಟಿ
ಯಾರಿದ್ದೀರಿ ಎಂದು ವಿಚಾರಿಸುತ್ತದೆ.

ಒಳಗೆ ಮಾತ್ರ ಸದಾ ಎಂಬತ್ತಮೂರನೇ ಇಸವಿ,
ಸಂಜೆ ಏಳೂವರೆ.
'ಬಾಡಿಗೆ ಬಾಕಿ' ಧಾರಾವಾಹಿಯ ಅದೇ ಕೋಣೆ,
ಅದೇ ಸಾಸಿವೆ ಬಣ್ಣದ ಸೋಫಾ.
ಮೂಲೆಯಲ್ಲಿ ಐದು ಮೆಟ್ಟಿಲು, ಆರನೆಯದಿಲ್ಲ;
ಮಲಗಿ ಬರುತ್ತೇನೆಂದು ಹತ್ತಿದವರೆಲ್ಲ
ಆ ಕತ್ತಲಲ್ಲಿ ಮಂಡಿ ಮಡಚಿ ಕೂತು
ತಮ್ಮ ಮುಂದಿನ ಮಾತಿಗೆ ಕಾದರು, ಏಳು ವರ್ಷ.
ಕಿಟಕಿಯಾಚೆ ಅಚ್ಚು ಹಾಕಿಸಿದ ಮುಸ್ಸಂಜೆ,
ಒಂದು ಮೂಲೆ ಕಿತ್ತು ಬಂದಿದೆ,
ಸೋಮವಾರ ಅಂಟಿಸುತ್ತಾರಂತೆ.
ಫ್ರಿಜ್ಜಿನಲ್ಲಿ ಪ್ಲಾಸ್ಟಿಕ್ ಎಲೆಕೋಸು,
ಅದರ ಮೇಲೆ ಯಾವುದೋ ಮಗುವಿನ ಹಲ್ಲಿನ ಗುರುತು.

ಜನ ಬರುತ್ತಾರೆ. ಅಬರ್ಡೀನಿನ ಒಬ್ಬ ದಂತವೈದ್ಯ
ಬಾಗಿಲಲ್ಲಿ ಎಡವಿ ಬೀಳುವ ಆ ಹೆಸರಾಂತ ಬೀಳುವಿಕೆಯನ್ನು
ಹನ್ನೊಂದು ಸಲ ಬಿದ್ದು ಕಲಿತ,
ಹೆಂಡತಿ ಹನ್ನೊಂದು ಸಲವೂ ಫೋಟೋ ತೆಗೆದಳು.

ಟಿಕೆಟ್ಟಿನಲ್ಲಿ ಒಂದು ನಗುವೂ ಸೇರಿದೆ:
ಒಲೆಯ ಪಕ್ಕದ ಹಸಿರು ಗುಂಡಿ ಒತ್ತಿದರೆ
ಅಂದಿನ ಪ್ರೇಕ್ಷಕರು, ಮುನ್ನೂರು ಮಂದಿ,
ಗೊಳ್ಳೆಂದು ಒಟ್ಟಿಗೆ,
ನೀವು ಏನು ಹೇಳಿದರೂ, ಹೇಳದಿದ್ದರೂ.
ಕೊನೆಗೆ, ಎಲ್ಲ ತಣ್ಣಗಾದ ಮೇಲೆ, ಒಂದು ಕೀರಲು,
ಎಣ್ಣೆ ಕಾಣದ ಬಾಗಿಲಿನದರ ಹಾಗೆ.
ಟೇಪಿನ ದೋಷ ಅಂದುಕೊಂಡಿದ್ದೆ.

ಮಂಗಳವಾರ. ಐಲ್ಸಾ ಗಿಲ್‌ಕ್ರಿಸ್ಟ್ ಎಂಬಾಕೆ
ಒಬ್ಬರೇ ಬಂದರು.
ಸೋಫಾದ ಕಡೆ ನೋಡಲಿಲ್ಲ, ಕೋಟು ಬಿಚ್ಚಲಿಲ್ಲ,
ಕಿವಿಯ ಯಂತ್ರವನ್ನು ಸ್ವಲ್ಪ ತಿರುಗಿಸಿ
ಗುಂಡಿ ಒತ್ತಿದರು.
ಒಲೆಯ ಮುಂದೆ ಹಾಲು ಉಕ್ಕುವುದನ್ನು ಕಾಯುವವರಂತೆ
ತಲೆ ವಾಲಿಸಿ ನಿಂತರು.
ಮತ್ತೆ ಒತ್ತಿದರು. ಮತ್ತೆ.
ಒಬ್ಬರಿಗೆ ಒಂದೇ ಸಲ, ಅದು ನಿಯಮ.
ಐದನೆಯದಕ್ಕೆ ನಾನು ಕೆಮ್ಮಿದೆ.

'ಕೊನೆಯಲ್ಲಿ ಕೇಳುವುದು ಡೂಗಲ್,' ಅಂದರು,
'ನನ್ನ ಗಂಡ.
ಎಲ್ಲರಿಗೂ ಥಟ್ಟನೆ ಹೊಳೆಯುವುದು
ಅವನಿಗೆ ಎರಡು ಉಸಿರು ತಡ.
ನಮ್ಮ ಮದುವೆಯ ಭಾಷಣಕ್ಕೂ ಹಾಗೇ ನಕ್ಕ,
ಎಲ್ಲರೂ ಚಮಚ ಕೈಗೆತ್ತಿಕೊಂಡ ಮೇಲೆ.
ಅವತ್ತು ಎರಡನೇ ಸಾಲಿನಲ್ಲಿದ್ದೆವು,
ಮೊಣಕೈಯಲ್ಲಿ ತಿವಿದೆ,
ಸುಮ್ಮನಾಗಲಿಲ್ಲ.
ವಾಪಸು ಬರುವಾಗ ಬಸ್ಸಿನಲ್ಲಿ ಮೆಲ್ಲಗೆ ಕೇಳಿದ:
ಐಲ್ಸಾ, ಆ ಮೀನಿನ ಮಾತಿದೆಯಲ್ಲ,
ಅದರಲ್ಲಿ ನಗುವಂಥದ್ದು ಏನಿತ್ತು?'

'ಹೇಳಿಕೊಟ್ಟಿರಾ?'

'ಹೇಳುವಷ್ಟರಲ್ಲಿ ನಮ್ಮ ಸ್ಟಾಪು ಬಂತು.'

ಅಷ್ಟೇ. ಅಳಲಿಲ್ಲ.
ಹೋಗುವಾಗ ಅಂಗಡಿಯಲ್ಲಿ ಒಂದು ಚಹಾ ಮಗ್ಗು ಎತ್ತಿ,
ತಿರುವಿ ಬೆಲೆ ನೋಡಿ,
ಕಿವಿ ಗೋಡೆಯ ಕಡೆ ಬರುವ ಹಾಗೆ
ಇದ್ದಲ್ಲೇ ಇಟ್ಟರು.

ಮುಂದಿನ ತಿಂಗಳು ಹೊಸ ನಗು ಬರುತ್ತದಂತೆ,
ಸೋಸಿ, ಕಸ ತೆಗೆದದ್ದು.
ಬೇಡ ಅನ್ನಬೇಕೆಂದಿದ್ದೇನೆ.
ನನ್ನನ್ನು ಯಾರೂ ಕೇಳಿಲ್ಲ.

ಅಲ್ಲಿಯತನಕ ಒಂದೊಂದು ತಂಡವೂ
ನಕ್ಕು ಮುಗಿಸಿ ಬಾಗಿಲ ಕಡೆ ತಿರುಗಿದಾಗ
ಚಿಲಕದ ಮೇಲೆ ಕೈಯಿಟ್ಟು
ತೆರೆಯದೆ ನಿಲ್ಲುತ್ತೇನೆ.
ಎರಡು ಉಸಿರು.
ಯಾಕಪ್ಪಾ, ಏನಾಯಿತು, ಎನ್ನುತ್ತಾರೆ.
ತಡೆಯಿರಿ, ಅನ್ನುತ್ತೇನೆ,
ಇನ್ನೊಬ್ಬರು ಬರಬೇಕು.