ಗಂಜಿ ಹಾಕಿದ ಜುಬ್ಬ

ಸಿಂಗ್ರಿಗೌಡ್ರು ಮೊದಲ್ನೇ ಸಲ ಗೆದ್ದಾಗ
ಮುನ್ನೂರ ಹನ್ನೆರಡು ಓಟು, ಎರಡು ಸಲ ಎಣಿಸಿದ್ರು.
ಇದ್ದದ್ದು ಒಂದೇ ಜುಬ್ಬ.
ಪೇಟೆ ಬೀದಿ ನಮ್ಮಂಗಡಿ ಹಿಂದ್ಗಡೆ
ಬನೀನಲ್ಲಿ ಕುಂತ್ರು, ಬೀಡಿ ಹಚ್ಕಂಡು,
"ಗಂಜಿ ಬಿಗಿಯಾಗಿ ಹಾಕ್ಲಾ ಚೌಡ,
ಪ್ರಮಾಣ ಮಾಡೋವಾಗ ಬಟ್ಟೆ ಮುದುಡ್ಬಾರ್ದು."
ಚಿಪ್ಪಿನ ಕೆಂಡ ಆರೋಗಂಟ ತಿಕ್ಕಿದೆ.
ಹಾಕಂಡ್ರೆ ಜುಬ್ಬ ಬೇರೆ, ಆಳು ಬೇರೆ.
ಬೆಂಗ್ಳೂರ್ ಬಸ್ಸು ಹತ್ತಿದ್ರು. ಸೀಟು ಸಿಕ್ಕಿದ್ರೂ
ಮದ್ದೂರ್ಗಂಟ ನಿಂತೇ ಹೋದ್ರಂತೆ, ಗೆರೆ ಕೆಡ್ಬಾರ್ದು ಅಂತ.

ಆಮೇಲೆ ವಾರಕ್ಕೊಂದ್ ಗಂಟು ಬರದು.
ನೆನೆ ಹಾಕೋಕ್ ಮುಂಚೆ ಜೇಬು ನೋಡೋದು
ನಮ್ಮ ಮಡಿವಾಳರ ಧರ್ಮ.
ವಿಧಾನಸಭೆ ನಾನು ಕಂಡಿಲ್ಲ. ಜೇಬು ಕಂಡಿವ್ನಿ.

ನಾಗಮಂಗಲದ ನರ್ಸಮ್ಮಂಗೆ ವರ್ಗ ಬೇಕು.
ಹಾಸ್ಟ್ಲು ಹುಡುಗ್ರಿಗೆ ಕಂಬ್ಳಿ ಬಂದಿಲ್ಲ.
ಒಬ್ಬ ಬರ್ದವ್ನೆ: ನಮ್ಮತ್ತೆ ಊರ್ಗಿಂತ ಮುಂಚೆ
ನಮ್ಮೂರ್ಗೆ ಕರೆಂಟ್ ಬರ್ಬೇಕು, ಮರ್ಯಾದೆ ಪ್ರಶ್ನೆ.
ಅರ್ಧ ಅಡ್ಕೆ, ಕ್ಯಾಂಟೀನ್ ಟೋಕನ್ನು,
ಮತ್ತೆ ಅವರದೇ ಕೈಬರ, ದಪ್ಪ ಅಕ್ಸರ:
"ಚುಕ್ಕೆ ಗುರುತಿನ ಪ್ರಶ್ನೆ. ಏಳನೇ ತೂಬಿನ ಹತ್ರ
ನಾಲೆಗೆ ಸೇತುವೆ ಯಾವಾಗ?"
ಕೆಳಗೆ ಪೆನ್ಸಿಲಲ್ಲಿ: ಪರಿಶೀಲನೆಯಲ್ಲಿದೆ.
ಮುಂದಿನ ಮಳೆಗಾಲ: ಪರಿಶೀಲನೆಯಲ್ಲಿದೆ.
ಮೂರನೇ ವರ್ಷದ ಚೀಟೀಲಿ ಉತ್ತರವೇ ಬರ್ದಿರ್ನಿಲ್ಲ,
ಬರೀ ಚುಕ್ಕೆ ಇಟ್ಟು ಬುಟ್ಟಿದ್ರು.

ಒಂದಿನ ಸಿಕ್ತು ನಂದೇ ಚೀಟಿ.
ಮಗಳ ಕೈಲಿ ಬರ್ಸಿ ಕೊಟ್ಟಿದ್ದು: ಕೆರೆ ಏರಿ ತಾವ
ಒಗೆಯೋ ಕಲ್ಲಿಗೆ ಒಂದು ನಲ್ಲಿ.
ನಾನು ಮಡಚಿದ್ದ ಮಡಿಕೆ ಹಂಗೇ ಇತ್ತು.
ಮಡಚೋದು ನನ್ ಕಸುಬು, ಗೊತ್ತಾಗಲ್ವೆ?
ಬೈನಿಲ್ಲ. ಜುಬ್ಬ ಗರಿಗರಿ ಮಾಡಿ
ಅದೇ ಜೇಬ್ಗೆ ಅದೇ ಚೀಟಿ ತಿರ್ಗಿ ಮಡಗ್ದೆ.
ಮೂರ್ ಸಲ ಹಂಗೇ ಹೋಯ್ತು, ಹಂಗೇ ಬಂತು.
ನಾಲ್ಕನೇ ಸಲ ನಲ್ಲಿ ಬಂತು.
ನೀರು ಬರೋಕೆ ಇನ್ನೊಂದು ವರ್ಷ.

ಎರಡನೇ ಸಲ ಗೆದ್ದಾಗ, ಸರ್ಕಾರ ಅಲ್ಲಾಡ್ತಿತ್ತಲ್ಲ,
ಹತ್ತು ದಿನ ಗಂಟು ಬರ್ನಿಲ್ಲ.
ಬಂದಾಗ ಸೆಂಟು ವಾಸ್ನೆ. ಕತ್ತಿನ ಪಟ್ಟೀಲಿ
ಯಾವ್ದೋ ಹೋಟೆಲಿನ ನಂಬರ್ರು, ಕೆಂಪು ದಾರದಲ್ಲಿ.
ಜೇಬು ನೋಡ್ದೆ. ತಿರುವಿ ನೋಡ್ದೆ.
ಒಂದು ಚೂರು ಅಡ್ಕೆನೂ ಇಲ್ಲ.
"ಗೌಡ್ರೆ, ಜೇಬಲ್ಲಿ ಏನೂ ಇರ್ನಿಲ್ಲ" ಅಂದೆ.
ಇಸ್ತ್ರಿಪೆಟ್ಗೆ ನೋಡ್ತಾ ನಿಂತಿದ್ರು.
"ಗಂಜಿ ಕಮ್ಮಿ ಹಾಕು, ಕುತ್ಗೆ ಕುಯ್ತದೆ" ಅಂದ್ರು.

ಠೇವಣಿ ಹೋಯ್ತು. ಕಾರು ಹೋಯ್ತು.
ಇನ್ನೊಂದು ಸಲ ನಿಂತ್ರು, ಅವರೂರ ಬೂತಲ್ಲೇ ಹಿಂದೆ ಬಿದ್ರು.
ಎಮ್ಮೆಲ್ಲೆ ಆಗಿದ್ದಾಗ ಒಂದಿನಾನೂ ಕಾಸು ಕೊಟ್ಟೋರಲ್ಲ;
ಸೋತ ಮೇಲೆ ಲೆಕ್ಕದ ಪುಸ್ತಕ ತಗಸಿ
ಹಳೇ ಬಾಕಿ ತಿಂಗ್ಳಿಗಿಷ್ಟು ಅಂತ ತೀರಿಸ್ತಾವ್ರೆ.
ಇನ್ನೂ ನೂರಾ ನಲ್ವತ್ತು ಅದೆ.

ಹೋದ್ ಸೋಮ್ವಾರ ಸೇತುವೆ ಆಯ್ತು.
ಕಲ್ಲಿನ ಮೇಲೆ ಬ್ಯಾರೆಯೋರ ಹೆಸ್ರು.
ಇವರ್ನ ಕರೆದಿರ್ನಿಲ್ಲ. ಆದ್ರೂ ಬೆಳಿಗ್ಗೆನೇ ಬಂದು
ಬನೀನಲ್ಲಿ ಕುಂತ್ರು. ಬೀಡಿ ಇಲ್ಲ ಈಗ, ಡಾಕ್ಟ್ರು ಬುಡ್ಸವ್ರೆ.
"ಗಂಜಿ?" ಅಂದೆ.
"ಹಾಕು" ಅಂದ್ರು.
ಟೇಪು, ಹಾರ, ಮೈಕು ಎಲ್ಲಾ ಹೋದ್ಮೇಲೆ
ಒಬ್ರೇ ಆ ಕಡೆಗಂಟ ನಡ್ದು, ತಿರ್ಗಿ ಈ ಕಡೆಗೆ ನಡ್ದು,
ಕಬ್ಬಿನ ಗಾಡಿ ಬಂತು ಅಂತ ಪಕ್ಕಕ್ಕೆ ಸರಿದು ನಿಂತ್ರಂತೆ.

ಜುಬ್ಬ ಇವತ್ತು ಒಗೆಯಕ್ಕೆ ಬಂದದೆ.
ಬಲಗಡೆ ತೋಳ್ಗೆ ಸೋಗೆ ಗೀರಿದ ಹಸ್ರು.
ಜೇಬ್ಗೆ ಇನ್ನೂ ಕೈ ಹಾಕಿಲ್ಲ.